ಸಂಘವನ್ನು ಉಳಿಸಲು ಮೌನ?

ನಿರಂಕುಶ ಅಧಿಕಾರವು ಬಾಗಿಲಿಗೆ ಬಂದು ನಿಂತಾಗ ಒಂದು ಸಂಘಟನೆಯ ಮೊದಲ ಕರ್ತವ್ಯ ಯಾವುದು? ತನ್ನನ್ನು ಉಳಿಸಿಕೊಳ್ಳುವುದೇ ಅಥವಾ ತಾನು ಯಾವುದಕ್ಕಾಗಿ ಹುಟ್ಟಿತೋ ಅದನ್ನು ಉಳಿಸುವುದೇ? ಜರ್ಮನಿಯ ಕಾರ್ಮಿಕ ಸಂಘಗಳು ಹದಿಮೂರು ವರ್ಷಗಳ ಅಂತರದಲ್ಲಿ ಇದಕ್ಕೆ ಎರಡು ಉತ್ತರಗಳನ್ನು ನೀಡಿದವು.

1920ರ ಮಾರ್ಚ್ 13ರಂದು ವೊಲ್ಫ್‌ಗಾಂಗ್ ಕಾಪ್ ಎಂಬಾತ ಬಂಡಾಯ ಸೈನಿಕರ ಬಲದಿಂದ ಬರ್ಲಿನ್ ನಗರವನ್ನು ವಶಪಡಿಸಿಕೊಂಡ. ಚುನಾಯಿತ ಸರಕಾರ ರಾಜಧಾನಿಯನ್ನೇ ಬಿಟ್ಟು ಹೋಯಿತು. ಆಗ ಕಾರ್ಲ್ ಲೆಗೀನ್‌ರ ನಾಯಕತ್ವದ ಕಾರ್ಮಿಕ ಸಂಘಗಳು ಸಾರ್ವತ್ರಿಕ ಮುಷ್ಕರಕ್ಕೆ ಕರೆ ಕೊಟ್ಟವು. ರೈಲು, ವಿದ್ಯುತ್, ಪತ್ರಿಕೆಗಳ ಮುದ್ರಣ ಎಲ್ಲವೂ ನಿಂತವು. ನಾಲ್ಕೇ ದಿನಗಳಲ್ಲಿ ಕಾಪ್ ಪಲಾಯನ ಮಾಡಿದ.

1933ರ ಜನವರಿಯಲ್ಲಿ ಹಿಟ್ಲರ್ ಬಂದದ್ದು ಬಂದೂಕು ಹಿಡಿದಲ್ಲ, ರಾಷ್ಟ್ರಾಧ್ಯಕ್ಷರ ನೇಮಕಾತಿಯ ಮೂಲಕ. ದೇಶದಲ್ಲಿ ಸುಮಾರು 60 ಲಕ್ಷ ನಿರುದ್ಯೋಗಿಗಳಿದ್ದರು. ಕೆಲಸ ಬಿಟ್ಟು ಹೊರಬಂದವನ ಜಾಗಕ್ಕೆ ಹಸಿದವರು ಕಾದಿದ್ದರು. ಸಂಘಗಳ ನಿಧಿಯೆಂದರೆ ಕಾರ್ಮಿಕರು ವಾರವಾರವೂ ಕೂಡಿಟ್ಟ ಹಣ. ಆದ್ದರಿಂದ ನಾಯಕರ ಹಿಂಜರಿಕೆಯನ್ನು ಬರೀ ಹೇಡಿತನವೆನ್ನುವುದು ನ್ಯಾಯವಲ್ಲ.

ಆದರೆ ಅವರು ಹಿಂಜರಿಕೆಯಲ್ಲೇ ನಿಲ್ಲಲಿಲ್ಲ. ಆಡಳಿತದ ಸ್ವರೂಪ ಯಾವುದೇ ಇರಲಿ, ಸಂಘಗಳು ತಮ್ಮ ಸಾಮಾಜಿಕ ಕಾರ್ಯವನ್ನು ಮುಂದುವರಿಸಬೇಕೆಂದು ನಾಯಕ ಥಿಯೊಡೋರ್ ಲೈಪಾರ್ಟ್ ಮಾರ್ಚ್‌ನಲ್ಲಿ ಸಾರಿದರು. ಮೇ 1ನ್ನು ಹಿಟ್ಲರ್ ಸಂಬಳ ಸಹಿತ ರಜಾದಿನವನ್ನಾಗಿ ಘೋಷಿಸಿದಾಗ, ಅದರಲ್ಲಿ ಪಾಲ್ಗೊಳ್ಳುವಂತೆ ಸದಸ್ಯರಿಗೆ ಕರೆ ನೀಡಲಾಯಿತು. ಮರುದಿನ ಬೆಳಿಗ್ಗೆ ನಾಝಿ ಪಡೆಗಳು ದೇಶದಾದ್ಯಂತ ಸಂಘಗಳ ಕಚೇರಿಗಳಿಗೆ ನುಗ್ಗಿದವು. ನಿಧಿ ಜಪ್ತಿಯಾಯಿತು, ಲೈಪಾರ್ಟ್ ಬಂಧಿತರಾದರು. ಡೂಯಿಸ್‌ಬರ್ಗ್‌ನಲ್ಲಿ ನಾಲ್ವರು ಸಂಘದ ಕಾರ್ಯಕರ್ತರನ್ನು ಹೊಡೆದು ಕೊಲ್ಲಲಾಯಿತು. 1934ರ ಕಾಯಿದೆಯಲ್ಲಿ ಮಾಲಿಕನು ಕಾರ್ಖಾನೆಯ ‘ನಾಯಕ’ನಾದ, ಕಾರ್ಮಿಕರು ‘ಅನುಯಾಯಿ’ಗಳಾದರು.

ಭಾರತದ ಪರಿಸ್ಥಿತಿ ಜರ್ಮನಿಯದ್ದಲ್ಲ. ಆದರೂ 1975ರ ತುರ್ತುಪರಿಸ್ಥಿತಿಯನ್ನು ನೆನೆಯಬೇಕು. ಇಂಟಕ್ ಹಾಗೂ ಎಐಟಿಯುಸಿ ಸರಕಾರದ ಜೊತೆ ನಿಂತವು. ಹಾಗಿದ್ದೂ ಅದೇ ವರ್ಷ ಕನಿಷ್ಠ ಬೋನಸ್ಸನ್ನು ಶೇ. 8.33ರಿಂದ ಶೇ. 4ಕ್ಕೆ ಇಳಿಸಲಾಯಿತು. ನಿಷ್ಠೆಗೆ ಸಿಕ್ಕ ಬೆಲೆ ಅಷ್ಟೆ.

1933ರಲ್ಲಿ ಮುಷ್ಕರ ಹೂಡಿದ್ದರೆ ಗೆಲ್ಲುತ್ತಿತ್ತೇ? ಯಾರೂ ಖಚಿತವಾಗಿ ಹೇಳಲಾರರು. ಆದರೆ ಸೋಲಿಗೂ ಸೋಲಿಗೂ ವ್ಯತ್ಯಾಸವಿದೆ. ಬಲ ಸಾಲದೆ ಸುಮ್ಮನಿರುವುದು ಬೇರೆ, ದಬ್ಬಾಳಿಕೆಯ ಮೆರವಣಿಗೆಗೆ ತನ್ನ ಸದಸ್ಯರನ್ನು ತಾನೇ ಕಳಿಸುವುದು ಬೇರೆ. ಮೊದಲನೆಯದರಲ್ಲಿ ನಂಬಿಕೆಯಾದರೂ ಉಳಿಯುತ್ತದೆ. ಎರಡನೆಯದರಲ್ಲಿ, ನಾಳೆ ಹೋರಾಟಕ್ಕೆ ಕರೆದರೆ ಬರುವವರು ಯಾರು?

ಸಂಘದ ಇನ್ನೊಬ್ಬ ನಾಯಕ ವಿಲ್‌ಹೆಲ್ಮ್ ಲೊಯಿಷ್ನರ್‌ರನ್ನು ಅದೇ ಜೂನ್‌ನಲ್ಲಿ ನಾಝಿಗಳು ಜಿನೀವಾದ ಕಾರ್ಮಿಕ ಸಮ್ಮೇಳನಕ್ಕೆ ಕರೆದೊಯ್ದರು. ಹೊಸ ವ್ಯವಸ್ಥೆಯನ್ನು ಅವರು ಸಮರ್ಥಿಸಬೇಕಿತ್ತು. ಅವರು ಬಾಯಿ ತೆರೆಯಲಿಲ್ಲ. ಮರಳಿದೊಡನೆ ಸೆರೆಮನೆ ಸೇರಿದರು. ಮುಂದೆ ಹಿಟ್ಲರ್ ವಿರೋಧಿ ಸಂಚಿನಲ್ಲಿ ಪಾಲ್ಗೊಂಡದ್ದಕ್ಕಾಗಿ 1944ರಲ್ಲಿ ಮರಣದಂಡನೆಗೆ ಗುರಿಯಾದರು. ಕಚೇರಿಯಾಗಲಿ ನಿಧಿಯಾಗಲಿ ಅವರ ಬಳಿ ಇರಲಿಲ್ಲ. ಆದರೂ ಯುದ್ಧಾನಂತರ ಮತ್ತೆ ಸಂಘ ಕಟ್ಟಿದವರಿಗೆ ತಲೆಯೆತ್ತಿ ಹೇಳಿಕೊಳ್ಳಲು ಇದ್ದದ್ದು ಇಂಥವರ ಹೆಸರೇ.