ಸನ್ನತಿಯ ಶಾಸನ, ಪುರಸಭೆಯ ಹೊಣೆ

ಆಡಳಿತದಲ್ಲಿ ಧರ್ಮ ಎಲ್ಲಿರುತ್ತದೆ: ನಿಯಮದಲ್ಲೋ, ಅದನ್ನು ನಡೆಸುವವರ ಮನಸ್ಸಿನಲ್ಲೋ? ಈ ಪ್ರಶ್ನೆಯನ್ನು ಎದುರಿಸಿದ ಬಹು ಹಳೆಯ ಬರಹವೊಂದು ಚಿತ್ತಾಪುರ ತಾಲ್ಲೂಕಿನ ಭೀಮಾ ತೀರದ ಸನ್ನತಿಯಲ್ಲಿ ಸಿಕ್ಕಿದೆ. 1980ರ ದಶಕದಲ್ಲಿ ಚಂದ್ರಲಾಂಬಾ ದೇವಸ್ಥಾನದ ಆವರಣದಲ್ಲಿದ್ದ ಕಾಳಿಗುಡಿಯ ಚಾವಣಿ ಕುಸಿಯಿತು. ವಿಗ್ರಹದ ಪೀಠವಾಗಿದ್ದ ಕಲ್ಲಿನ ಎರಡೂ ಮೈಮೇಲೆ ಅಶೋಕನ ಶಾಸನ ಕಂಡಿತು. ವಿಗ್ರಹ ಕೂರಿಸಲೆಂದು ನಡುವೆ ಕೊರೆದ ಜಾಗದಲ್ಲಿ ಎಷ್ಟೋ ಅಕ್ಷರ ಅಳಿದುಹೋಗಿವೆ. ಉಳಿದುದರಲ್ಲಿ, ಕಳಿಂಗದ ಧೌಳಿಯಲ್ಲೂ ದೊರೆತಿರುವ, ಅಧಿಕಾರಿಗಳಿಗೆಂದೇ ಬರೆಸಿದ ಪ್ರತ್ಯೇಕ ಶಾಸನಗಳ ಭಾಗಗಳಿವೆ. ಧೌಳಿಯ ಪಾಠ ನಗರದ ನ್ಯಾಯ ನೋಡುವವರನ್ನು ಕುರಿತದ್ದು. ಅಸೂಯೆ, ಕೋಪ, ಕ್ರೌರ್ಯ, ಅವಸರ, ಸೋಮಾರಿತನ, ದಣಿವು ಇವುಗಳಿಗೆ ಒಳಗಾದವರಿಂದ ನಿಷ್ಪಕ್ಷಪಾತ ಸಾಧ್ಯವಿಲ್ಲ ಎಂಬುದು ಅದರ ತಾತ್ಪರ್ಯ.

ಸೇಡಂ, ಚಿತ್ತಾಪುರ, ವಾಡಿ, ಚಿಂಚೋಳಿ ಪುರಸಭೆಗಳೂ ಶಹಾಬಾದ್ ನಗರಸಭೆಯೂ ಇಂದು ನಡೆಯುತ್ತಿರುವ ಗಣಕೀಕೃತ ಹಾದಿಯನ್ನು ಈ ಪಟ್ಟಿ ಹಿಡಿದು ಅಳೆಯಬೇಕು. ಖಾತೆಗೆ ಇ-ಆಸ್ತಿ, ದೂರಿಗೆ ಜನಹಿತ ಆ್ಯಪ್, ಕಾಲಮಿತಿಗೆ 2011ರ ಸಕಾಲ ಕಾಯ್ದೆ ಇವೆ. ಸಕಾಲದ ಅರ್ಜಿಗೆ ಒಂದು ಸಂಖ್ಯೆ ಸಿಗುತ್ತದೆ. ಗಡುವು ಮೀರಿದರೆ ದಿನಕ್ಕೆ 20 ರೂಪಾಯಿಯಂತೆ 500ರವರೆಗೆ ಪರಿಹಾರ ಕೇಳಬಹುದು. ಫರ್ಸಿಕಲ್ಲಿನ ಗಣಿ ಕೂಲಿಕಾರನ ಅರ್ಜಿಗೂ ಊರ ಗೌಡರ ಅರ್ಜಿಗೂ ಸರದಿ ಒಂದೇ ಎಂಬುದು ಸಣ್ಣ ಮಾತಲ್ಲ. ಗುಳೆ ಹೋದವನು ಒಂದು ಉತಾರೆಗಾಗಿ ಕೂಲಿ ಕಳೆದುಕೊಂಡು ಊರಿಗೆ ಬರುವುದು ತಪ್ಪಿದರೆ ಅದೂ ನ್ಯಾಯವೇ. ಶಾಸನ ಹೆಸರಿಸಿದ ಅಸೂಯೆ, ಕೋಪಗಳಿಗೆ ಯಂತ್ರ ನಿಜಕ್ಕೂ ಕಡಿವಾಣ ಹಾಕುತ್ತದೆ.

ಹಾಗಿದ್ದರೆ ಅಷ್ಟೇ ಸಾಲದೇ, ಕರುಣೆಯ ಹೆಸರಿನಲ್ಲಿ ಮತ್ತೆ ಮನುಷ್ಯನನ್ನು ನಡುವೆ ತಂದರೆ ವಶೀಲಿ, ಲಂಚ ತಿರುಗಿ ಬರುವುದಿಲ್ಲವೇ ಎಂದು ಕೇಳಬಹುದು. ಈ ಭಯಕ್ಕೆ ಆಧಾರವಿದೆ. ಆದರೆ ಪಟ್ಟಿಯಲ್ಲಿ ಅವಸರವೂ ಸೋಮಾರಿತನವೂ ಇವೆ, ಅವು ಪರದೆಯ ಹಿಂದೆಯೂ ಬದುಕಬಲ್ಲವು. ತುಂಬಿದ ಚರಂಡಿಯ ಬಳಿಗೆ ಹೋಗದೆಯೇ ದೂರು ಪರಿಹಾರವಾಯಿತೆಂದು ನಮೂದಿಸಿದರೆ ತಂತ್ರಾಂಶ ಅದನ್ನೇ ನಂಬುತ್ತದೆ. ಮಾವನ ಹೆಸರಿನಲ್ಲೇ ಉಳಿದ ಮನೆಯಲ್ಲಿ ವಾಸಿಸುವ ವಿಧವೆಯ ಕಾಗದಪತ್ರ ತಾಳೆಯಾಗದಿದ್ದರೆ ಅರ್ಜಿ ಅಲ್ಲಿಗೇ ನಿಲ್ಲುತ್ತದೆ. ಎಲ್ಲರಿಗೂ ಒಂದೇ ಕಾಗದ ಕೇಳುವುದು ಸಮಾನತೆಯಂತೆ ಕಂಡರೂ, ಕಾಗದವೇ ಇಲ್ಲದವರ ಪಾಲಿಗೆ ಅದು ಮುಚ್ಚಿದ ಬಾಗಿಲು. ಅವಳ ಕಷ್ಟ ಕೇಳಿ, ಕಾನೂನಿನೊಳಗೇ ದಾರಿ ಹುಡುಕುವುದು ವಿವೇಕವುಳ್ಳ ಅಧಿಕಾರಿಯ ಕೆಲಸ. ಅವನು ಕೈಗೊಂಡ ನಿರ್ಧಾರ ಕಾರಣಸಹಿತ ದಾಖಲಾಗಲಿ. ಲಂಚಕ್ಕೆ ತಡೆ ಅಲ್ಲಿದೆ.

ಕಚೇರಿಗೆ ಧರ್ಮದ ಮಾತೇಕೆ ಎಂಬ ಆಕ್ಷೇಪವೂ ಇದೆ. ಇಲ್ಲಿ ಹೇಳುತ್ತಿರುವ ಧರ್ಮ ಯಾವ ಮತಕ್ಕೂ ಸೇರಿದ್ದಲ್ಲ. ಸನ್ನತಿಯ ಅದೇ ಕಲ್ಲಿನಲ್ಲಿ, ಎಲ್ಲ ಪಂಥಗಳನ್ನೂ ಗೌರವಿಸಿರೆನ್ನುವ, ಅಶೋಕನ ಹನ್ನೆರಡನೆಯ ಶಿಲಾಶಾಸನದ ಭಾಗವೂ ಇದೆ. ಅಶೋಕ ಕಲ್ಲಿನಲ್ಲಿ ಕೆತ್ತಿಸಿ ಸುಮ್ಮನಾಗಲಿಲ್ಲ. ಅಧಿಕಾರಿಗಳಿಗೆ ಬರೆಸಿದ ಆ ಶಾಸನವನ್ನು ತಿಷ್ಯ ನಕ್ಷತ್ರದ ದಿನಗಳಲ್ಲಿ ಓದಿಸಿ ಕೇಳಿಸಬೇಕು, ಕೇಳುವವನು ಒಬ್ಬನೇ ಇದ್ದರೂ ಸರಿ ಎಂದ. ಐದು ವರ್ಷಕ್ಕೊಮ್ಮೆ ಮೃದು ಸ್ವಭಾವದ ಅಧಿಕಾರಿಯನ್ನು ತಪಾಸಣೆಗೆ ಕಳಿಸುವೆನೆಂದ. ದಾಖಲೆ ಎಷ್ಟೇ ಗಟ್ಟಿಯಾಗಿದ್ದರೂ ಅದಕ್ಕೆ ಓದುವ ದನಿ, ಉತ್ತರಿಸುವ ಹೊಣೆ ಬೇಕೆಂದು ಅವನಿಗೆ ಗೊತ್ತಿತ್ತು. ನಮ್ಮ ಪುರಸಭೆಗಳೂ ಇಷ್ಟು ಮಾಡಲಿ: ಬಾಕಿ ಉಳಿದ ಅರ್ಜಿ, ದೂರುಗಳನ್ನು ತಿಂಗಳಿಗೊಮ್ಮೆ ಸಾಮಾನ್ಯ ಸಭೆಯಲ್ಲಿ ವಾರ್ಡುವಾರು ಓದಲಿ, ತಿರಸ್ಕರಿಸಿದ ಪ್ರತಿ ಅರ್ಜಿಗೂ ಕಾರಣವನ್ನು ತಿಳಿಗನ್ನಡದಲ್ಲಿ ಕೊಡಲಿ, ಮುಗಿಯಿತೆಂದ ದೂರನ್ನು ಕೊಟ್ಟವರನ್ನೇ ಕೇಳಿ ಮುಗಿಸಲಿ. ಗಣಕಯಂತ್ರ ಲೆಕ್ಕವನ್ನು ಮರೆಯದೆ ಇಡುತ್ತದೆ. ಆ ಲೆಕ್ಕಕ್ಕೆ ಜನರ ಮುಂದೆ ನಿಂತು ಉತ್ತರ ಕೊಡಬೇಕಾದವರು ಮುಖ್ಯಾಧಿಕಾರಿ ಮತ್ತು ನಾವು ಆರಿಸಿದ ಸದಸ್ಯರು.