ಹೆಬ್ಬಾಗಿಲ ಬರಹಕ್ಕೆ ಜವಾಬು ಯಾರದು?

ಹಳೆಯ ದಾನಶಾಸನಗಳ ಕೊನೆಯ ಸಾಲುಗಳನ್ನು ಓದಿದರೆ ಎದೆ ಝಲ್ಲೆನ್ನುತ್ತದೆ. ಈ ದತ್ತಿಯನ್ನು ಕೆಡಿಸಿದವನಿಗೆ ವಾರಣಾಸಿಯಲ್ಲಿ ಸಾವಿರ ಕವಿಲೆ ಕೊಂದ ಪಾಪ! ಸಾಕ್ಷಿಗೆ ಕಲ್ಲಿನ ನೆತ್ತಿಯಲ್ಲಿ ಸೂರ್ಯ, ಚಂದ್ರ. ಅರಸನ ಕತ್ತಿ ಈ ಮಾತನ್ನು ಹೆಚ್ಚು ಕಾಲ ಕಾಯಲಾರದೆಂಬುದು ಬರೆಸಿದವನಿಗೇ ಗೊತ್ತಿತ್ತು. ಅದಕ್ಕೇ ಲೆಕ್ಕವನ್ನು ದೇವರ ಖಾತೆಗೆ ಹಾಕಿದ.

ಆಳಿಸಿಕೊಂಡವರೇ ಬರೆಯಲು ಕೂತರೆ?

1942ರ ಸೆಪ್ಟೆಂಬರಿನಲ್ಲಿ ಶಿಕಾರಿಪುರ ತಾಲ್ಲೂಕಿನ ಈಸೂರಿನವರು ತಮ್ಮದೇ ಸರ್ಕಾರ ಘೋಷಿಸಿಕೊಂಡರು. ವೀರಭದ್ರನ ಗುಡಿಯ ಮೇಲೆ ಬಾವುಟ ಹಾರಿತು, ಹುಡುಗರೇ ಅಮಲ್ದಾರ, ಸಬ್ ಇನ್ಸ್‌ಪೆಕ್ಟರ್ ಆದರು. ಊರಬಾಗಿಲಲ್ಲಿ ಒಂದು ಫಲಕ: ಬೇಜವಾಬ್ದಾರಿ ಸರ್ಕಾರದವರಿಗೆ ಒಳಗೆ ಪ್ರವೇಶವಿಲ್ಲ. ಮೈಸೂರು ಸಂಸ್ಥಾನದಲ್ಲಿ ಆಗ ‘ಜವಾಬ್ದಾರಿ ಸರ್ಕಾರ’ ಕಾಂಗ್ರೆಸ್ಸಿನ ಬೇಡಿಕೆ. ಅದರ ಹಿಂದೆ ‘ಬೇ’ ಎಂಬ ಒಂದೇ ಅಕ್ಷರವಿಟ್ಟು ಈಸೂರು ಬೇಡಿಕೆಯನ್ನು ಆರೋಪವಾಗಿಸಿತು. ಇಂಥ ಕುಸುರಿ ಪಳಗಿದ ಕವಿಗೂ ಸುಲಭಕ್ಕೆ ಒಲಿಯದು. ತಪ್ಪಿಗೆ ಜವಾಬು ಯಾರದು, ಯಾವಾಗ ಎಂಬುದು ಧರ್ಮದ ಹಳೆಯ ಪ್ರಶ್ನೆ. ಶಾಸನ ಅದನ್ನು ಮುಂದಿನ ಜನ್ಮಕ್ಕೆ ಬಿಟ್ಟಿತ್ತು. ಈಸೂರು ಹೆಬ್ಬಾಗಿಲಲ್ಲೇ ಕೇಳಿತು.

ಕೇಳಿದವರೂ ಜವಾಬು ಕೊಡಬೇಕಾಯಿತು. ಊರಿಗೆ ಬಂದ ಪೊಲೀಸರೊಂದಿಗೆ ಸೆಪ್ಟೆಂಬರ್ 28ರಂದು ನಡೆದ ಘರ್ಷಣೆಯಲ್ಲಿ ನಿಜವಾದ ಅಮಲ್ದಾರರೂ ಸಬ್ ಇನ್ಸ್‌ಪೆಕ್ಟರರೂ ಸತ್ತರು. ಅದಕ್ಕಾಗಿ 1943ರ ಮಾರ್ಚಿನಲ್ಲಿ ಈಸೂರಿನ ಗುರಪ್ಪ, ಮಲ್ಲಪ್ಪ, ಸೂರ್ಯನಾರಾಯಣಾಚಾರ್, ಹಾಲಪ್ಪ, ಶಂಕರಪ್ಪ ಗಲ್ಲಿಗೇರಿದರು. ‘ಏಸೂರು ಕೊಟ್ಟರೂ ಈಸೂರು ಕೊಡೆವು’ ಎಂಬ ಘೋಷಣೆಯ ಪ್ರಾಸಕ್ಕೆ ತಲೆದೂಗುವವರು ಆ ಇಬ್ಬರನ್ನೂ ಈ ಐವರನ್ನೂ ಒಟ್ಟಿಗೇ ನೆನೆಯಬೇಕು. ಒಂದು ಲೆಕ್ಕ ಬಿಟ್ಟರೆ ಇನ್ನೊಂದು ಸುಳ್ಳಾಗುತ್ತದೆ.

ಇದಕ್ಕೂ ಇಪ್ಪತ್ತು ವರ್ಷ ಮೊದಲು, ವಿಶಾಖಪಟ್ಟಣ ಸೀಮೆಯ ಮನ್ಯದ ಕಾಡಿನಲ್ಲಿ ಬ್ರಿಟಿಷರ ವಿರುದ್ಧ ಬಂಡೆದ್ದ ಅಲ್ಲೂರಿ ಸೀತಾರಾಮರಾಜು ಬರೆದದ್ದು ಇನ್ನೊಂದು ಬಗೆ. 1922ರ ಆಗಸ್ಟ್ 22ರಂದು ಚಿಂತಪಲ್ಲಿ ಠಾಣೆಯ ಬಂದೂಕುಗಳನ್ನು ಒಯ್ದಾಗ, ಏನೇನು ಒಯ್ದೆವೆಂದು ಬರೆದು ಸಹಿ ಹಾಕಿ ಹೋದರು. ಕಳ್ಳನಾದವನು ರಸೀದಿ ಕೊಡುವುದಿಲ್ಲ.

ನರಗುಂದ, ನವಲಗುಂದಗಳಲ್ಲಿ 1980ರಲ್ಲಿ ರೈತರ ಮೇಲೆ ನಡೆದ ಗೋಲಿಬಾರಿನ ಬೆನ್ನಿಗೆ ಹುಟ್ಟಿದ ಕರ್ನಾಟಕ ರಾಜ್ಯ ರೈತ ಸಂಘದ ಊರುಗಳಲ್ಲಿ ಈಸೂರಿನ ಫಲಕಕ್ಕೆ ಮರುಹುಟ್ಟು ಬಂತು: ಅನುಮತಿಯಿಲ್ಲದೆ ಅಧಿಕಾರಿಗಳು ಒಳಗೆ ಬರಕೂಡದು. ರೈತ ಸಾಲಗಾರನಲ್ಲ, ಸರ್ಕಾರವೇ ಬಾಕಿದಾರ ಎಂಬ ಘೋಷಣೆಯೂ ಆ ಕಾಲದ್ದೇ. ಶಾಪವಿಲ್ಲ, ಕವಿಲೆಯಿಲ್ಲ, ಸೂರ್ಯಚಂದ್ರರೂ ಇಲ್ಲ. ಸಾಲಕ್ಕೆಂದು ಸಾಮಾನು ಜಪ್ತಿಯಾದರೆ ಸಂಘದವರು ಗುಂಪುಗೂಡಿ ಹೋಗಿ ಅದನ್ನು ವಾಪಸು ತರುತ್ತಿದ್ದರು. ಅದಕ್ಕೆ ಅವರಿಟ್ಟ ಹೆಸರು ‘ಮರುಜಪ್ತಿ’.