ಉಪ್ಪಿನ ಋಣ

ಅಡುಗೆಮನೆಯ ಭರಣಿಯಿಂದ ಒಂದು ಹರಳುಪ್ಪನ್ನೆತ್ತಿ ಕಿಟಕಿಯ ಬೆಳಕಿಗೆ ಹಿಡಿದರೆ, ಚೌಕವಾದ ಅದರ ಅಂಚುಗಳ ನಡುವೆ ಮಂಜು ಕವಿದಂಥ ಬಿಳಿಯ ಮಬ್ಬೊಂದು ತೋರುವುದು. ಹರಳು ಕಟ್ಟುವ ಕಾಲದಲ್ಲಿ ಒಳಗೇ ಸಿಕ್ಕಿಕೊಂಡ ಕಡಲನೀರಿನ ಸೂಕ್ಷ್ಮ ಬಿಂದುಗಳವು. ಬಾಲ್ಯದಲ್ಲಿ ಗೋಕರ್ಣದ ಬಳಿಯ ಸಾಣಿಕಟ್ಟಾದ ಆಗರಗಳನ್ನು ಕಂಡು, ಈಗ ಮುಂಬಯಿಯ ವಡಾಲದಲ್ಲಿ ಮತ್ತೆ ಉಪ್ಪಿನ ಆಗರಗಳ ನೆರೆಯಲ್ಲಿಯೇ ಮನೆಮಾಡಿರುವ ನನಗೆ ಈ ಮಬ್ಬು ಬಹುಕಾಲ ಬರಿಯ ಕೊರತೆಯಾಗಿಯೇ ಕಂಡಿತ್ತು.

ಇಲ್ಲಿನ ವಿಠ್ಠಲ ಮಂದಿರವನ್ನು ಜನರು ಪ್ರತಿ ಪಂಢರಪುರವೆಂದು ಕರೆಯುತ್ತಾರೆ. ಆಷಾಢದ ಏಕಾದಶಿಯಂದು ಅದರ ಸರತಿಯಲ್ಲಿ ನಿಂತಾಗಲೆಲ್ಲ ಒಂದು ಪ್ರಶ್ನೆ ನನ್ನನ್ನು ಕಾಡುವುದುಂಟು: ನಿತ್ಯವೂ ಬಂದು ಕ್ಷಣಕಾಲ ಕೈಮುಗಿದು ಹೋಗುವವನ ಮೂವತ್ತು ವರ್ಷಗಳ ಭಕ್ತಿಯೂ, ಇದೊಂದು ದಿನ ಉಪವಾಸವಿದ್ದು ಮೈಮರೆತು ಕುಣಿಯುವವನ ಭಕ್ತಿಯೂ ತೂಕದಲ್ಲಿ ಸಮವೇ? ಪತಂಜಲಿಯು ಯೋಗಸೂತ್ರದ ಸಮಾಧಿಪಾದದಲ್ಲಿ ದೀರ್ಘಕಾಲದ, ಎಡೆಬಿಡದ ಅಭ್ಯಾಸವನ್ನು ಹೊಗಳಿದನು. ಅದೇ ಪಾದದಲ್ಲಿ ತೀವ್ರ ಸಂವೇಗವುಳ್ಳವರಿಗೆ ಸಿದ್ಧಿಯು ಸಮೀಪವೆಂದೂ ಹೇಳಿದನು. ಇವೆರಡೂ ಒಂದೇ ಮಾತೋ ಬೇರೆ ಬೇರೆಯೋ ಎಂಬುದು ನನಗೆ ಬಗೆಹರಿದಿರಲಿಲ್ಲ.

ದಾರಿ ತೋರಿದುದು ಉಪ್ಪೇ. 1990ರ ದಶಕದಲ್ಲಿ ಅಮೆರಿಕದ ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯದ ಡಿಕಿನ್ಸನ್ ಮತ್ತು ಸಂಗಡಿಗರು ಇಂಥ ಸ್ಫಟಿಕಗಳ ಮೇಲೆ 248 ನ್ಯಾನೋಮೀಟರಿನ ಅತಿನೇರಳೆ ಲೇಸರನ್ನು ಹಾಯಿಸಿ, ಮೇಲ್ಮೈಯಿಂದ ಸಿಡಿದು ಬರುವ ಅಯಾನುಗಳನ್ನು ಅಳೆದರು. ಆ ಬೆಳಕಿನ ಒಂದು ಫೋಟಾನಿನ ಶಕ್ತಿ 5 ಎಲೆಕ್ಟ್ರಾನ್ ವೋಲ್ಟು. ಊನವಿಲ್ಲದ ಉಪ್ಪಿನ ಹರಳಿನಲ್ಲಿ ಒಂದು ಎಲೆಕ್ಟ್ರಾನನ್ನು ಬಿಡಿಸಲು 8ಕ್ಕಿಂತ ಹೆಚ್ಚು ಬೇಕು. ಆದುದರಿಂದ ಬೆಳಕು ಶುದ್ಧ ಭಾಗವನ್ನು ಹಾಯ್ದು ಸುಮ್ಮನೆ ಹೋಗಿಬಿಡುವುದು. ಆದರೆ ಹರಳಿನಲ್ಲಿ ಆ ಮಬ್ಬಿಗಿಂತ ಸೂಕ್ಷ್ಮವಾದ ಕೊರತೆಯೂ ಉಂಟು: ಒಂದು ಕಣದ ಸ್ಥಾನ ತೆರವಾಗಿ, ಅಲ್ಲಿ ಎಲೆಕ್ಟ್ರಾನುಗಳು ಸೆರೆಯಾಗಿರುವ ಊನದ ನೆತ್ತಿಯ ಮೇಲೆ ಧನ ಅಯಾನೊಂದು ಅಂಟಿ ಕುಳಿತಿದ್ದರೆ, ಒಂದೊಂದು ಫೋಟಾನೂ ಕೆಳಗಿನ ಋಣದಲ್ಲಿ ಒಂದೊಂದು ಅಂಶವನ್ನು ಕಿತ್ತೊಯ್ಯುವುದು. ಋಣವೆಲ್ಲ ತೀರಿದಾಗ, ಅದುವರೆಗೆ ಹಿಡಿದಿಟ್ಟಿದ್ದ ನೆಲೆಯೇ ಅಯಾನನ್ನು ಹೊರಕ್ಕೆ ನೂಕುವುದು, ಅದೂ ಒಂದು ಫೋಟಾನಿನ ಶಕ್ತಿಯನ್ನು ಮೀರಿದ ರಭಸದಿಂದ. ವಿಜ್ಞಾನದ ಕನ್ನಡವು ಎಲೆಕ್ಟ್ರಾನಿನ ವಿದ್ಯುದಂಶಕ್ಕೆ ಋಣವೆಂಬ ಹೆಸರನ್ನೇ ಇಟ್ಟಿದೆಯೆಂಬುದನ್ನು ನೆನೆದರೆ ಮೈ ನವಿರೇಳುತ್ತದೆ.

ತೀವ್ರತೆಯ ಮಾತು ಬರುವುದು ಇಲ್ಲಿ. ತೆರವಾದ ಊನಕ್ಕೆ ನೆರೆಯಿಂದ ಎಲೆಕ್ಟ್ರಾನುಗಳು ಮತ್ತೆ ಬಂದು ಸೇರುವುದುಂಟು. ಸೆಕೆಂಡನ್ನು ಕೋಟಿ ಭಾಗ ಮಾಡಿದರೆ ಅದರಲ್ಲೊಂದು ಭಾಗದಷ್ಟೂ ಇರದ ಲೇಸರ್ ಸ್ಪಂದದೊಳಗೆ ಎಲ್ಲ ಹೆಜ್ಜೆಗಳೂ ಮುಗಿಯಬೇಕು. ಆ ಕಾರಣ ಬೆಳಕನ್ನು ಇಮ್ಮಡಿಸಿದರೆ ಅಯಾನುಗಳು ಇಮ್ಮಡಿಯಾಗುವುದಿಲ್ಲ. ಆರು ಹೆಜ್ಜೆಯ ದಾರಿಯಾದರೆ ಅರವತ್ತನಾಲ್ಕು ಮಡಿಯಾಗುತ್ತವೆ. ಅದೇ ಬೆಳಕನ್ನು ಮಂದವಾಗಿ ಗಂಟೆಗಟ್ಟಲೆ ಹರಡಿದರೆ ಮೊತ್ತ ಒಂದೇ ಇದ್ದರೂ ಫಲ ಒಂದೇ ಅಲ್ಲ. ಎಡೆಬಿಡದಿರುವಿಕೆಯ ಪರಾಕಾಷ್ಠೆಯೇ ತೀವ್ರತೆಯೆಂದೂ, ಪತಂಜಲಿಯ ಎರಡು ಮಾತುಗಳಲ್ಲಿ ವಿರೋಧವಿಲ್ಲವೆಂದೂ ನನಗೆ ಆಗ ತೋರಿತು.

ಉಪಮಾನವನ್ನು ಇಲ್ಲಿಗೇ ನಿಲ್ಲಿಸುವುದು ಸಲ್ಲದು. ತೀವ್ರತೆ ಬೆಳಕಿನದು, ಉಪ್ಪಿನದಲ್ಲ. ಭಗವತ್ಪ್ರಸಾದವಿಲ್ಲದೆ ಮೋಕ್ಷವಿಲ್ಲವೆಂದ ಮಧ್ವಾಚಾರ್ಯರ ಮತವನ್ನು ಅನುಸರಿಸಿದ ಪುರಂದರದಾಸರು ತಮ್ಮ ಅಂಕಿತದಲ್ಲಿ ವಿಠ್ಠಲನ ಹೆಸರನ್ನೇ ಇಟ್ಟುಕೊಂಡುದನ್ನು ನಾನು ಈ ಬೆಳಕಿನಲ್ಲಿಯೇ ಗ್ರಹಿಸುತ್ತೇನೆ. ಹಾಗಾದರೆ ನಿತ್ಯ ಬಂದು ಕೈಮುಗಿಯುವವನು ಪುಣ್ಯದ ಮೊತ್ತವನ್ನು ಕೂಡಿಸುತ್ತಿಲ್ಲ. ಬೆಳಕು ಬೀಳುವ ಕಡೆ, ತನ್ನ ಊನವನ್ನು ಮುಚ್ಚಿಡದೆ, ನಿಂತಿದ್ದಾನೆ. ಜಡವಾದ ಹರಳಿಗೆ ಆ ಆಯ್ಕೆಯಿಲ್ಲ, ಅವನಿಗುಂಟು. ಯಾವ ದಿನ ಕಿರಣ ದಟ್ಟವಾಗುವುದೆಂಬುದು ಮಾತ್ರ ಅವನ ಕೈಯಲ್ಲಿಲ್ಲ. ಈಚೆಗೆ ಏಕಾದಶಿಯಲ್ಲದ ದಿನಗಳಲ್ಲಿಯೂ, ಸರತಿಯಿಲ್ಲದ ಮುಂಜಾನೆಗಳಲ್ಲಿ, ನಾನು ಆ ಮಂದಿರಕ್ಕೆ ಹೋಗತೊಡಗಿದ್ದೇನೆ.